ಹಳದಿ ಮೀನಿನ ಆಷಾಢ

ಶಿವಸ್ವಾಮಿಗೆ ಗೊತ್ತಿಲ್ಲದ ಸಂಗತಿ ಚಾಮರಾಜನಗರ ತಾಲೂಕಿನಲ್ಲಿ ಒಂದೂ ಇರಲಿಲ್ಲ. ಗುಂಡ್ಲುಪೇಟೆ ತಾಲೂಕಿನಲ್ಲಿ ಒಂದೆರಡು ಇದ್ದಿರಬಹುದು. ಆದರೆ ಅದನ್ನೂ ಅವನು ಒಪ್ಪಿಕೊಂಡವನಲ್ಲ. ರೇಷ್ಮೆ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು, ಯಾರು ಏನು ಹೇಳಲು ಬಾಯಿ ತೆರೆದರೂ "ಗೊತ್ತು ಬುಡಿ" ಎಂದು ಮಾತನ್ನು ಅರ್ಧದಲ್ಲೇ ಕತ್ತರಿಸಿಬಿಡುತ್ತಿದ್ದ. ಕಚೇರಿಯವರು ಇದನ್ನು ನಂಬುತ್ತಿರಲಿಲ್ಲ. ಹೆಂಡತಿ ಸ್ವರ್ಣಲತಾ ಮದುವೆಯಾದ ಹೊಸದರಲ್ಲಿ ನಂಬಿ, ಆಮೇಲೆ ಬಿಟ್ಟಿದ್ದಳು. ಅವನ ಮಾತನ್ನು ನಂಬುವ ಜೀವವೆಂದು ಲೋಕದಲ್ಲಿ ಉಳಿದಿದ್ದುದು ಒಂದೇ. ಅದು ಅವನ ಅತ್ತೆ ಸಣ್ಣತಾಯಮ್ಮ.

ಸಣ್ಣತಾಯಮ್ಮ ಹರವೆ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಬೆಳಿಗ್ಗೆ ಎದ್ದು ಸ್ನಾನ, ಹಣೆಗೆ ವಿಭೂತಿ, ಲಿಂಗಪೂಜೆ. ಅದು ಮುಗಿದ ಮೇಲೆ ಕಿಟಕಿಯ ಬಳಿ ಕುಳಿತರೆ ಕತ್ತಲಾಗುವವರೆಗೂ ಅಲ್ಲೇ. ಊಟಕ್ಕೆ ಕರೆದರೆ "ಅಸಿವಿಲ್ಲ ಕಣವ್ವ" ಎನ್ನುವರು. ಮಗಳು ಬೈದರೆ ಎರಡು ತುತ್ತು ತಿಂದು ಏಳುವರು. ಆದರೆ ಅಳಿಯ ಕಚೇರಿಯಿಂದ ಬಂದು, ಚಂದ್ರನ ಮೇಲೆ ನೀರಿರುವ ವಿಚಾರವನ್ನೋ ಅರಿಸಿನದ ಧಾರಣೆ ಬಿದ್ದ ಕಾರಣವನ್ನೋ ವಿವರಿಸತೊಡಗಿದರೆ, ಮುಖ ಎತ್ತಿ ಕೇಳುವರು. "ಅಂಗಾ ಅಳಿಯಂದ್ರೇ? ನೀವು ಯೋಳುದ್ಮೇಕೆ ನಿಜವೇಯ" ಎನ್ನುವರು. ಇಷ್ಟು ನಂಬಿಕೆಯಿಟ್ಟವರು ದಿನದಿಂದ ದಿನಕ್ಕೆ ಬಡವಾಗುತ್ತಿರುವುದನ್ನು ನೋಡಿ ಶಿವಸ್ವಾಮಿಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಎಲ್ಲರೂ ಗುಂಡ್ಲುಪೇಟೆಗೆ ಹೋದರು. ಅಲ್ಲಿ ಸ್ವರ್ಣಲತಾಳ ಅಕ್ಕನ ಗಂಡ ಚಂದ್ರಕುಮಾರನದು ಗೊಬ್ಬರದ ಅಂಗಡಿ, ಎರಡು ಅಂತಸ್ತಿನ ಮನೆ, ಮನೆಯ ಹಜಾರದಲ್ಲಿ ಗೋಡೆಯುದ್ದದ ಮೀನಿನ ತೊಟ್ಟಿ. ಸಣ್ಣತಾಯಮ್ಮ ಆ ತೊಟ್ಟಿಯ ಎದುರು ಕುಳಿತವರು, ಕೈಗೆ ಕೊಟ್ಟ ತಟ್ಟೆಯಲ್ಲಿದ್ದುದನ್ನು ಮೀನು ನೋಡುತ್ತಲೇ ಉಂಡುಬಿಟ್ಟರು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡಿದರು.

ಚಂದ್ರಕುಮಾರ ಮೀಸೆ ತೀಡಿಕೊಂಡ. "ನೋಡಯ್ಯ ಸ್ವಾಮಿ, ಅತ್ತೆಗೆ ನಮ್ಮನೆ ಒಗ್ತದೆ. ಇಲ್ಲೇ ಇದ್ಬುಡ್ಲಿ. ನಿಮ್ಮನೇಲಿ ಏನದೆ, ಕಿಟಕಿ ಒಂದದೆ."

"ನಮ್ಮನೆಗೂ ತೊಟ್ಟಿ ಬತ್ತಾ ಅದೆ ಚಂದ್ರಣ್ಣ. ಆರ್ಡರ್ ಕೊಟ್ಟಾಗದೆ," ಎಂದ ಶಿವಸ್ವಾಮಿ.

ಸ್ವರ್ಣಲತಾ ಗಂಡನ ಮುಖ ನೋಡಿದಳು. ಇದು ಅವಳಿಗೂ ಹೊಸ ಸುದ್ದಿಯಾಗಿತ್ತು.

ಆ ಸಂಜೆಯೇ ಅವನು ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿದ್ದ ಬಣ್ಣದ ಮೀನಿನ ಅಂಗಡಿಗೆ ನುಗ್ಗಿದ. ಅಂಗಡಿಯವನು ಸುಲ್ತಾನ್ ಬತ್ತೇರಿ ಕಡೆಯ ಮಲಯಾಳಿ. ಶಿವಸ್ವಾಮಿ ಒಂದು ದುಂಡನೆಯ ಗಾಜಿನ ಬಟ್ಟಲನ್ನು ಎತ್ತಿಕೊಂಡು, ಹಳದಿ ಮೀನುಗಳ ಕಡೆ ಬೆರಳು ಮಾಡಿ, "ಇದ್ರೊಳಕ್ಕೆ ಅದ್ನ ಬುಡಿ" ಎಂದ.

"ಬಟ್ಟಲು ಬೇಡ ಸಾರೇ. ಅದು ಸಿಕ್ಲಿಡ್ ಜಾತಿ, ಆಫ್ರಿಕಾದ ದೊಡ್ಡ ಸರೋವರದ ಮೀನು. ಮನೆ ಚಿಕ್ಕದು ಅಂದ್ರೂ ಮೂರಡಿ ತೊಟ್ಟಿ ಬೇಕು. ಕೆಳಗೆ ಮರಳು, ಮೇಲೆ ಕಲ್ಲು ಪೇರಿಸಿ ಗವಿ ಮಾಡಿ. ಗಿಡ ನೆಡಬೇಡಿ, ಕಿತ್ತು ಹಾಕುತ್ತೆ."

"ಗೊತ್ತು ಬುಡಿ."

"ತೊಟ್ಟಿ ಇವತ್ತು ತಗೊಳ್ಳಿ, ಮೀನು ಮುಂದಿನ ತಿಂಗಳು. ಫಿಲ್ಟರ್ ಹಾಕಿ ನೀರನ್ನ ಓಡಿಸ್ತಾ ಇರಿ. ನೀರು ಹದಕ್ಕೆ ಬರಬೇಕು. ನಿಮ್ಮನೇಲಿ ಯಾವ ನೀರು ಸಾರೇ?"

"ಬೋರ್‌ವೆಲ್ಲು. ಬೇಳೆ ಹಾಕುದ್ರೆ ಬೇಯಾಕಿಲ್ಲ. ಚಿಂತೆ ಇಲ್ಲ, ಕ್ಯಾನ್ ನೀರು ತರುಸ್ತೀನಿ."

"ಅಯ್ಯೋ, ಕ್ಯಾನ್ ನೀರು ಹಾಕಬೇಡಿ ಸಾರೇ! ಬೇಳೆ ಬೇಯದ ನೀರೇ ಈ ಮೀನಿಗೆ ಬೇಕಾದ್ದು."

ಬೀದಿಯ ಹೆಂಗಸರೆಲ್ಲ ಶಪಿಸುತ್ತಿದ್ದ, ಹಂಡೆಯ ಒಳಗೆ ಬೆರಳು ದಪ್ಪ ಬಿಳಿಯ ಹೆಕ್ಕಳೆ ಕಟ್ಟಿಸುತ್ತಿದ್ದ ಆ ನೀರಿಗೂ ಒಂದು ದಿನ ಮರ್ಯಾದೆ ಬರುತ್ತದೆಂದು ಯಾರು ಎಣಿಸಿದ್ದರು? ಶಿವಸ್ವಾಮಿ ಮಾತ್ರ ಅದೂ ತನಗೆ ಗೊತ್ತಿತ್ತೆಂಬಂತೆ ತಲೆಯಾಡಿಸಿದ.

ಮುಂದಿನ ತಿಂಗಳು ಮೀನು ಕೊಳ್ಳಲು ಹೋದಾಗ ಒಂದು ತೊಡಕು ಬಂತು.

"ಒಂದು ಗಂಡು ತಗೊಂಡ್ರೆ ಮೂರ್ನಾಲ್ಕು ಹೆಣ್ಣು ತಗೋಬೇಕು ಸಾರೇ. ಹಂಗಿದ್ರೆ ಜಗಳ ಕಮ್ಮಿ."

ಶಿವಸ್ವಾಮಿ ಅಕ್ಕಪಕ್ಕ ನೋಡಿ ಸ್ವರ ತಗ್ಗಿಸಿದ. "ಏನ್ರೀ ಇದು? ನಮ್ದು ಮರ್ಯಾದಸ್ತರ ಮನೆ. ವಯಸ್ಸಾದ ಅತ್ತೆ ಅವ್ರೆ. ಒಂದು ಗಂಡು, ಒಂದು ಹೆಣ್ಣು. ಅಷ್ಟೇಯ."

"ಆಮೇಲೆ ಇದು ಮೊಟ್ಟೆ ಇಟ್ಟಾಗ ಏನಾಗುತ್ತೆ ಅಂದ್ರೆ ಸಾರೇ..."

"ಗೊತ್ತು ಬುಡಿ!" ಎಂದು ಶಿವಸ್ವಾಮಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಎತ್ತಿಕೊಂಡು ಚಾಮರಾಜನಗರದ ಬಸ್ಸಿಗೆ ಓಡಿದ.

ಬೀದಿಯಲ್ಲಿ ಅವನನ್ನು ಮೊದಲು ಕಂಡವಳು ಎದುರುಮನೆಯ ಭಾನು. ಅದು ಅಪ್ಪಟ ಲಿಂಗವಂತರ ಬೀದಿ. ಮೊಟ್ಟೆಯ ಸಿಪ್ಪೆ ಕೂಡ ಅಲ್ಲಿ ಬಿದ್ದದ್ದಿಲ್ಲ. "ಏನ್ ಶಿವಸ್ವಾಮಣ್ಣ, ಸಾರ್ಗಾ?" ಎಂದು ಅವಳು ಕೂಗಿದ್ದು ಆ ತುದಿಯವರೆಗೂ ಕೇಳಿಸಿತು. ಬಾಗಿಲುಗಳು ತೆರೆದವು. ಕೊನೆಗೆ ನಿವೃತ್ತ ಮೇಷ್ಟರು ಶಿವರುದ್ರಸ್ವಾಮಿಗಳು ಕನ್ನಡಕ ಹಾಕಿಕೊಂಡು ಬಂದು ಚೀಲವನ್ನು ಬೆಳಕಿಗೆ ಹಿಡಿದು ತೀರ್ಪು ಕೊಟ್ಟರು: "ತಿನ್ನುವ ಮೀನು ಬೇರೆ, ನೋಡುವ ಮೀನು ಬೇರೆ. ದೇವಸ್ಥಾನದ ಕೊಳದಲ್ಲಿ ನಾವೇ ಪುರಿ ಹಾಕುವುದಿಲ್ಲವೇ? ದೋಷವಿಲ್ಲ." ಬಾಗಿಲುಗಳು ಮುಚ್ಚಿದವು.

ತೊಟ್ಟಿಯನ್ನು ಹಜಾರದಲ್ಲಿ, ಅಲುಗಾಡದ ಕಬ್ಬಿಣದ ಮೇಜಿನ ಮೇಲೆ, ಅಡಿಗೆ ಥರ್ಮಾಕೋಲ್ ಹಾಸಿ ಇಟ್ಟಿದ್ದರು. ಒಳಗಿನ ಕಲ್ಲುಗಳನ್ನು ಪೇರಿಸಿದವರು ಸಣ್ಣತಾಯಮ್ಮ. ಅವರ ಮನಸ್ಸಿನಲ್ಲಿ ಅದು ಮಾದಪ್ಪನ ಬೆಟ್ಟ. ಮೀನುಗಳಿಗೆ ಭಕ್ತಿ ಕಡಿಮೆ. ಬಂದ ದಿನವೇ ಬಾಯಲ್ಲಿ ಮರಳು ತುಂಬಿಕೊಂಡು ಹೋಗಿ ಉಗುಳಿ, ಬೆಟ್ಟದ ಬುಡವನ್ನೇ ತೋಡಿಬಿಟ್ಟವು. ಸಣ್ಣತಾಯಮ್ಮ ಮತ್ತೆ ಜೋಡಿಸಿದರು, ಅವು ಮತ್ತೆ ತೋಡಿದವು. ಈ ಕೆಲಸದ ನಡುವೆ ಊಟದ ಹೊತ್ತಾದರೆ ತಟ್ಟೆ ತೊಟ್ಟಿಯ ಬಳಿಗೇ ಬರುತ್ತಿತ್ತು. ಮೀನಿಗೆ ಸಾಸಿವೆಯಂಥ ನಾಲ್ಕು ಕಾಳು, ತಮಗೆ ಒಂದು ತುತ್ತು. ಮತ್ತೆ ನಾಲ್ಕು ಕಾಳು, ಮತ್ತೊಂದು ತುತ್ತು. ಸ್ವರ್ಣಲತಾ ಆ ತಿಂಗಳು ಗಂಡನನ್ನು ಒಂದು ಸಲವೂ ಬೈಯಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಸಣ್ಣತಾಯಮ್ಮ ಅಳಿಯನನ್ನು ಕರೆದರು. ಕೆಲವು ದಿನಗಳಿಂದ ಗಂಡು ಹೆಣ್ಣಿನ ಸುತ್ತ ಮೈ ನಡುಗಿಸುತ್ತ ಸುತ್ತುವುದೂ, ಹೆಣ್ಣು ಗವಿಯಲ್ಲಿ ಅಡಗುವುದೂ ನಡೆದಿತ್ತು.

"ಅಳಿಯಂದ್ರೇ, ಇವು ಒಸದಾಗಿ ಕೂಡಿದವು. ಆಸಾಡದಲ್ಲಿ ಒಂದೇ ಸೂರಲ್ಲಿ ಇಡಬಾರ್ದು ಕಣಪ್ಪ."

"ಅಮ್ಮ, ಅವು ಮೀನು!" ಎಂದಳು ಸ್ವರ್ಣಲತಾ.

"ಮೀನಾದ್ರೇನವ್ವ, ಗಂಡ ಎಂಡ್ರಲ್ವಾ? ನಿಮ್ಮಪ್ಪ ಇದ್ದಾಗ ನನ್ನೂ ಆಸಾಡಕ್ಕೆ ಕಳ್ಸಿದ್ರು."

ಶಿವಸ್ವಾಮಿ ಅತ್ತೆಯ ಮುಖ ನೋಡಿದ. ಅತ್ತೆ ಅವನ ಮುಖ ನೋಡುತ್ತಿದ್ದರು, ತೀರ್ಪಿಗೆ ಕಾಯುವವರಂತೆ. "ಗೊತ್ತು ಅತ್ತೆಮ್ಮ," ಎಂದ ಅವನು ಗಂಭೀರವಾಗಿ. "ನಾನೂ ಅದ್ನೇ ಯೋಚ್ನೆ ಮಾಡ್ತಿದ್ದೆ."

ಯಾರನ್ನು ಕಳಿಸುವುದೆಂಬ ಪ್ರಶ್ನೆ ಬಂತು. ಶಾಸ್ತ್ರದ ಪ್ರಕಾರ ಹೆಣ್ಣು ತವರಿಗೆ ಹೋಗಬೇಕು. ಆದರೆ ಇಬ್ಬರ ತವರೂ ಒಂದೇ ಅಂಗಡಿ. ಬಹಳ ಚರ್ಚೆಯಾಗಿ, ಹೆಣ್ಣಿಗೆ ಈ ಮನೆಯೇ ತವರೆಂದೂ, ಗಂಡು ಗುಂಡ್ಲುಪೇಟೆಯ ಚಂದ್ರಕುಮಾರನ ತೊಟ್ಟಿಗೆ ಹೋಗಬೇಕೆಂದೂ ಸಣ್ಣತಾಯಮ್ಮ ನಿರ್ಣಯಿಸಿದರು. ಶಿವಸ್ವಾಮಿ ಕಚೇರಿಗೆ ಅರ್ಧ ದಿನ ರಜೆ ಹಾಕಿ ಮದುಮಗನನ್ನು ಡಬ್ಬಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದ.

ಅಂದಿನಿಂದ ಹಳದಿ ಹೆಣ್ಣು ಊಟ ಬಿಟ್ಟಿತು.

ಕಾಳು ಹಾಕಿದರೆ ಮೂತಿ ತಿರುಗಿಸುವುದು. ಗವಿಯ ಬಾಯಲ್ಲಿ ಒಂಟಿಯಾಗಿ ನಿಂತು ಕತ್ತನ್ನು ಮೆಲ್ಲಗೆ ಆಡಿಸುವುದು. ದಿನ ಕಳೆದಂತೆ ಮೈ ಸೊರಗಿತು, ಗದ್ದದ ಕೆಳಗೆ ಮಾತ್ರ ಉಬ್ಬಿಕೊಂಡಿತು. ಮೊದಲ ವಾರ ಸಣ್ಣತಾಯಮ್ಮ ಪುಸಲಾಯಿಸಿದರು. ಎರಡನೆಯ ವಾರ ಮಾತು ಕಡಿಮೆ ಮಾಡಿದರು. ಆಮೇಲೆ ಒಂದು ಸೋಮವಾರ ಪೂಜೆ ಮುಗಿಸಿ ಎದ್ದು ಬಂದು, ತೊಟ್ಟಿಯ ಮುಂದೆ ಕೈ ಮುಗಿದು ನಿಂತರು.

"ಗಂಡನ್ನ ಅಗಲ್ಸಿ ಕೊರುಗ್ಸಿದ ಪಾಪ ನಂದು. ಅಗಲಿಕೆ ಏನು ಅಂತ ಗೊತ್ತಿದ್ದೂ ಮಾಡ್ದೆ. ಮಾದಪ್ಪನಾಣೆ, ಇವ್ಳು ಬಾಯ್ಗೆ ಕಾಳು ಆಕ್ಕಳಗಂಟ ನಾನು ಅನ್ನ, ಇಟ್ಟು ಮುಟ್ಟಾಕಿಲ್ಲ."

ಪೂಜೆಯ ನಂತರ ಒಂದು ಲೋಟ ಮಜ್ಜಿಗೆ, ಅಷ್ಟೇ. ಮಗಳು ಅತ್ತಳು. ಹಿರಿಯ ಮಗಳು ಫೋನಿನಲ್ಲಿ ಅತ್ತಳು. ಸಣ್ಣತಾಯಮ್ಮ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡು ಕುಳಿತುಬಿಟ್ಟರು. ಗಾಜಿನ ಆಚೆ ಒಬ್ಬಳು, ಈಚೆ ಒಬ್ಬರು.

"ಅದೇನಾಯ್ತು ಅಂತ ಯೋಳಿ, ನಿಮ್ಗೆ ಎಲ್ಲಾ ಗೊತ್ತಲ್ಲ!" ಎಂದಳು ಸ್ವರ್ಣಲತಾ.

ಶಿವಸ್ವಾಮಿ ತೊಟ್ಟಿಗೆ ಮೂಗು ತಾಗಿಸಿ ನೋಡಿ, "ಜ್ವರಕ್ಕೆ ಕೂತದೆ" ಎಂದ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿ ಮಲಗುತ್ತದೆ. ಅದಕ್ಕೆ ಜ್ವರ ಎನ್ನುವುದು ವಾಡಿಕೆ. "ಎರಡು ದಿನಕ್ಕೆ ಪೊರೆ ಬುಟ್ಟು ಎದ್ದೇಳ್ತದೆ." ಎರಡು ದಿನವಾಯಿತು. ಮೀನು ಪೊರೆ ಬಿಡಲಿಲ್ಲ.

ಆಗ ಅವನು ಹಿತ್ತಲಿಗೆ ಹೋಗಿ, ಯಾರಿಗೂ ಕೇಳಿಸದಂತೆ ಮೀನಿನ ಅಂಗಡಿಗೆ ಫೋನ್ ಮಾಡಿದ. ಅಂಗಡಿಯವನು ಯಾವುದೋ ಕೆಲಸಕ್ಕೆ ಊರಿಗೆ ಹೋಗಿದ್ದ. ಫೋನು ಮಲಯಾಳದಲ್ಲಿ ಏನೋ ಹೇಳಿ ಸುಮ್ಮನಾಯಿತು.

ಸುದ್ದಿ ಬೀದಿಗೆ ತಿಳಿಯಿತು. ಮನೆಯ ಮುಂದೆ ಚಪ್ಪಲಿಗಳು ಹೆಚ್ಚಾದವು. ಭಾನು ಬಂದು, "ಇದು ಮಂಗನಬಾವು ಕಣಕ್ಕ, ನಮ್ಮ ಚಿಕ್ಕವನಿಗೆ ಇಂಗೇ ಊದಿತ್ತು. ನೀಲಿ ಬಳಿದ್ರೆ ಓಯ್ತದೆ" ಎಂದಳು. ನೀರಿನೊಳಗಿರುವುದಕ್ಕೆ ನೀಲಿ ಬಳಿಯುವುದು ಹೇಗೆಂದು ಅವಳಿಗೂ ಹೊಳೆಯಲಿಲ್ಲ. ಮೇಷ್ಟರು, ಇದು ವಿರಹವೆಂದೂ ಇಂಥದನ್ನು ತಾವು ಪಾಠ ಮಾಡಿರುವುದಾಗಿಯೂ ಹೇಳಿ, ಯಾರೂ ಕೇಳದಿದ್ದರೂ ವಿವರಿಸಿದರು. ಯಾರೋ ಕರೆತಂದ ಪಶುವೈದ್ಯ ಕಿರಣ್ ಕುಮಾರ್ ಚೀಲ ಕೆಳಗಿಟ್ಟು ತೊಟ್ಟಿಯನ್ನು ಒಂದು ಸುತ್ತು ಹಾಕಿದರು.

"ದನ ಆಗಿದ್ದಿದ್ರೆ ಗಂಟಲುಬೇನೆ ಅಂತ ಬರೆದುಬಿಡ್ತಿದ್ದೆ ಕಣ್ರೀ. ಇದಕ್ಕೆ ಥರ್ಮಾಮೀಟರ್ ಎಲ್ಲಿಡ್ಲಿ ಹೇಳಿ?"

"ಸೂಜಿ ಚುಚ್ಚಿ ಬುದ್ದಿ," ಎಂದಳು ಭಾನು.

"ನನ್ ಹತ್ರ ಇರೋ ಸೂಜಿ ಆ ಮೀನಿಗಿಂತ ಉದ್ದ ಇದೆಯಮ್ಮಾ." ಹಾಗೆಂದ ವೈದ್ಯರು ಸಣ್ಣತಾಯಮ್ಮನವರ ನಾಡಿ ಹಿಡಿದು ನೋಡಿದರು. ವೈದ್ಯರ ಮುಖದ ನಗು ಹೋಯಿತು. ಶಿವಸ್ವಾಮಿಯನ್ನು ಪಕ್ಕಕ್ಕೆ ಕರೆದು, "ಮೀನು ಹಾಳಾಗಿ ಹೋಗ್ಲಿ. ಇವರಿಗೆ ಊಟ ಮಾಡಿಸಿ. ಹೀಗೇ ಬಿಟ್ಟರೆ ಕಷ್ಟ" ಎಂದರು.

ಉಳಿದಿದ್ದ ಉಪಾಯ ಒಂದೇ, ಗಂಡನನ್ನು ಕರೆಸುವುದು. ಶಿವಸ್ವಾಮಿ ಚಂದ್ರಕುಮಾರನಿಗೆ ಫೋನ್ ಹಚ್ಚಿದ. ಗಡಿಬಿಡಿಯಲ್ಲಿ ಸ್ಪೀಕರು ಒತ್ತಿಹೋಯಿತು.

"ನಿಮ್ಮ ಗಂಡಾ? ಒಳ್ಳೆ ಪಾಳೇಗಾರ ಆಗವ್ನೆ ಕಣಯ್ಯ!" ಎಂದು ಚಂದ್ರಕುಮಾರನ ಧ್ವನಿ ಹಜಾರದಲ್ಲೆಲ್ಲ ಮೊಳಗಿತು. "ನಮ್ಮ ತೊಟ್ಟೀಲಿ ಮೂರು ಎಣ್ಣು ಹಿಂದೆ ತಿರುಗ್ತಾ ಅವ್ನೆ. ದಿನಾ ಎರಡೊತ್ತು ಉಂಡು ದುಂಡಗಾಗವ್ನೆ!"

ಸಣ್ಣತಾಯಮ್ಮ ಮೆಲ್ಲಗೆ ತಲೆ ಎತ್ತಿದರು.

"ಇವ್ಳು ಇಲ್ಲಿ ಉಪಾಸ ಬಿದ್ದು ಸಾಯ್ತಾ ಅವ್ಳೆ. ಅಲ್ಲಿ ಆ ಭಂಡಂಗೆ ಮೂರ್ಜನವಾ?"

ಭಾನು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವಿಗೋ ದುಃಖಕ್ಕೋ ತಿಳಿಯಲಿಲ್ಲ. "ಎಲ್ಲಾ ಗಂಡಸ್ರೂ ಅಷ್ಟೇಯ," ಎಂದು ಅವಳು ಹೇಳಿದಾಗ ಮೇಷ್ಟರು ಮತ್ತು ವೈದ್ಯರು ಒಟ್ಟಿಗೆ ಕೆಮ್ಮಿದರು.

ಮಧ್ಯಾಹ್ನದ ಹೊತ್ತಿಗೆ ಚಂದ್ರಕುಮಾರ ಕಾರಿನಲ್ಲಿ ಬಂದಿಳಿದ. ಒಂದು ಕೈಯಲ್ಲಿ ಮೀನಿನ ಡಬ್ಬಿ, ಇನ್ನೊಂದು ಕೈಯಲ್ಲಿ ಕಾರಿನ ಕೀಲಿ. "ಮೀನು ತಗೊ, ಅತ್ತೇನ ಕೊಡು," ಎಂದ ಬಾಗಿಲಲ್ಲೇ. "ಎಲ್ಲಾ ಗೊತ್ತು ಗೊತ್ತು ಅಂತ ಮುದುಕೀನ ಉಪಾಸ ಕೆಡವಿದ್ದೀಯಲ್ಲಯ್ಯ! ಎದ್ದೇಳಿ ಅತ್ತೆ, ಗುಂಡ್ಲುಪೇಟೆಗೆ ಹೋಗನ. ಸೀರೆ ತುಂಬ್ಕಳಿ."

ಸಣ್ಣತಾಯಮ್ಮ ಅಲುಗಲಿಲ್ಲ. ಶಿವಸ್ವಾಮಿ ಡಬ್ಬಿಯನ್ನು ಇಸಿದುಕೊಂಡು ಗಂಡುಮೀನನ್ನು ತೊಟ್ಟಿಗೆ ಸುರಿದ.

ಗಂಡ ಬಂದರೆ ಹೆಣ್ಣು ಕುಣಿದಾಡುತ್ತದೆಂದು ಎಲ್ಲರೂ ಕಾಯುತ್ತಿದ್ದರು. ಆ ಪಾಳೇಗಾರ ನೆಟ್ಟಗೆ ಹೋಗಿ ಅವಳನ್ನು ಅಟ್ಟಿಸಿಕೊಂಡು ಹೊರಟ. ಅವಳು ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ, ಗವಿಯಿಂದ ಗವಿಗೆ ಓಡಿದಳು.

"ತಗೀರಿ ಅವ್ನ ಆಚೆಗೆ!" ಎಂದು ಸಣ್ಣತಾಯಮ್ಮ ಎದ್ದೇ ನಿಂತರು. ನಿಂತವರು ತೂಗಾಡಿದರು, ಸ್ವರ್ಣಲತಾ ಹಿಡಿದುಕೊಂಡಳು. ಶಿವಸ್ವಾಮಿ ಟೀ ಸೋಸುವ ಜರಡಿಯಿಂದ ಗಂಡನ್ನು ಹಿಡಿದು ಬಕೆಟ್ಟಿಗೆ ಹಾಕಿದ. ಅವನ ಅಂಗಿ ತೋಳಿನವರೆಗೂ ನೆನೆದಿತ್ತು.

ಅವನು ತಿರುಗಿ ಅತ್ತೆಯ ಮುಂದೆ ನೆಲದ ಮೇಲೆ ಕುಳಿತ. "ಅತ್ತೆಮ್ಮ, ಇದ್ಕೆ ಏನಾಗದೆ ಅಂತ ನಂಗೆ ಗೊತ್ತಿಲ್ಲ. ಮೀನಿನ ಇಸ್ಯ ನಂಗೆ ಏನೇನೂ ಗೊತ್ತಿಲ್ಲ. ಅಂಗಡಿಯವ್ನು ಯೋಳಕ್ಕೆ ಬಂದ, ನಾನು ಕೇಳ್ನಿಲ್ಲ. ಪಾಪ ನಂದು. ಉಪಾಸ ನಾನಿರ್ತೀನಿ, ನೀವು ಉಣ್ಣಿ."

ಸ್ವರ್ಣಲತಾ ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಸಣ್ಣತಾಯಮ್ಮನ ಕಣ್ಣು ಮಾತ್ರ ತೊಟ್ಟಿಯ ಮೇಲಿತ್ತು.

"ಸುಮ್ನಿರಿ ಅಳಿಯಂದ್ರೇ. ಅಲ್ನೋಡಿ."

ಹಳದಿ ಹೆಣ್ಣು ಮರಳಿನ ಮೇಲೆ ತಲೆ ಬಗ್ಗಿಸಿ ನಿಂತಿದ್ದಳು. ಬಾಯಿ ತೆರೆಯಿತು. ಒಳಗಿನಿಂದ ಏನೋ ಒಂದು ಚೂರು ಜಾರಿ ಬಂತು. ಅದಕ್ಕೆ ಎರಡು ಕಣ್ಣುಗಳಿದ್ದವು. ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಒಂದು ಹಿಂಡು. ಅಕ್ಕಿಕಾಳಿನಷ್ಟು ಉದ್ದದ ಮರಿಗಳು ಅವಳ ಮುಖದ ಸುತ್ತ ಈಜತೊಡಗಿದವು.

"ಅಯ್ಯಯ್ಯಪ್ಪೋ, ವಾಂತಿಲಿ ಮೀನು ಬತ್ತಾ ಅವೆ!" ಎಂದು ಕಿರುಚಿದ ಭಾನು ಮುಂದೆ ನುಗ್ಗಿದಳು. ಮೇಷ್ಟರು, ವೈದ್ಯರು, ಚಂದ್ರಕುಮಾರ ಎಲ್ಲರೂ ಗಾಜಿಗೆ ಮುಖ ಒತ್ತಿದರು. ಅಷ್ಟು ದೊಡ್ಡ ಮುಖಗಳನ್ನು ಕಂಡ ತಾಯಿ ಬೆದರಿ ಹಿಂದಕ್ಕೆ ಸರಿದು, ಬಾಯಿ ಅಗಲಿಸಿ ಒಂದೇ ಗುಟುಕಿಗೆ ಹಿಂಡನ್ನೆಲ್ಲ ಒಳಕ್ಕೆ ಎಳೆದುಕೊಂಡಳು.

"ತಿಂದ್ಬುಟ್ಲು!" ಎಂದ ಚಂದ್ರಕುಮಾರ. "ಎತ್ತ ಮಕ್ಳನ್ನೇ ತಿಂದ್ಬುಟ್ಲು! ಇಂತಾ ಅನಿಷ್ಟ ಮನೇಲಿಟ್ಕಂಡಿದ್ದೀಯಲ್ಲಯ್ಯ!"

ಮೇಷ್ಟರು "ಶಿವ ಶಿವಾ" ಎಂದರು.

"ಎಲ್ಲಾ ಇಂದಕ್ಕೆ ಬನ್ನಿ," ಎಂದರು ಸಣ್ಣತಾಯಮ್ಮ. ಧ್ವನಿ ಬಡವಾಗಿತ್ತು, ಆದರೆ ಹರವೆಯಲ್ಲಿ ಆರು ಮಕ್ಕಳನ್ನೂ ಕೊಟ್ಟಿಗೆಯ ದನಗಳನ್ನೂ ಆಳಿದ ಧ್ವನಿ ಅದು. ಎಲ್ಲರೂ ಹಿಂದಕ್ಕೆ ಸರಿದರು. "ತಿಂದಿಲ್ಲ ಕಣ್ರಪ್ಪ. ನುಂಗಿದ್ರೆ ಗಂಟ್ಲು ಆಡ್ತಿತ್ತು. ಮೊಟ್ಟೆ ಇಟ್ಟಾಗಿಂದ ಬಾಯಲ್ಲೇ ಸಾಕ್ತಾ ಅವ್ಳೆ. ನಿಮ್ಮ ಮೋರೆ ಕಂಡು ಬೆದರ್ಕಂಡವ್ಳೆ, ಅಷ್ಟೇಯ. ಅದ್ಕೇ ಉಂಡಿಲ್ಲ. ಒಂದು ಕಾಳು ನುಂಗುದ್ರೂ ಅದ್ರ ಜತೆ ಒಂದು ಮಗ ಒಳಕ್ಕೆ ಓಯ್ತದಲ್ವಾ?"

ಸ್ವಲ್ಪ ಹೊತ್ತಿಗೆ ಹೆಣ್ಣಿನ ಬಾಯಿ ಮತ್ತೆ ತೆರೆಯಿತು. ಮರಿಗಳು ಒಂದೊಂದಾಗಿ ಹೊರಗೆ ಬಂದು, ಸಣ್ಣತಾಯಮ್ಮ ಜೋಡಿಸಿದ್ದ ಕಲ್ಲುಗಳ ಸಂದಿಯಲ್ಲಿ ಆಡತೊಡಗಿದವು.

ಸಣ್ಣತಾಯಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ಕುರ್ಚಿಯ ಮೇಲೆ ನೆಟ್ಟಗೆ ಕುಳಿತರು.

"ಅವ್ಳು ಬಾಯ್ತುಂಬ ಮಕ್ಳ ಇಟ್ಕಂಡು ಉಪಾಸ ಇದ್ಲು. ಅದು ನ್ಯಾಯ. ನನ್ನ ಬಾಯಲ್ಲಿ ಏನಿತ್ತು ಅಂತ ನಾನು ಉಪಾಸ ಇದ್ನೋ ಕಾಣೆ. ಮಾದಪ್ಪಂಗೆ ತಪ್ಪುಕಾಣಿಕೆ ಕಟ್ತೀನಿ. ಸ್ವರ್ಣ, ಬಡ್ಸವ್ವ."

ಆ ಗಲಾಟೆಯಲ್ಲಿ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಭಾನು ಬೀದಿ ದಾಟಿ ಓಡಿಹೋಗಿ ಬಿಸಿ ಮುದ್ದೆ, ಉಪ್ಸಾರು ತಂದಳು. ಚಂದ್ರಕುಮಾರ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಕೇಳದೆಯೇ ನೀರಿನ ಚೊಂಬು ತಂದಿಟ್ಟ. ಎಲ್ಲರೂ ಸುತ್ತ ನಿಂತು ನೋಡುತ್ತಿರಲು ಸಣ್ಣತಾಯಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನುಂಗಿದರು. ಹುಬ್ಬು ಗಂಟಿಕ್ಕಿತು.

"ಸಾರ್ಗೆ ಉಪ್ಪು ಸಾಲ್ದು ಕ‍ಣಮ್ಮಿ ಭಾನು. ಕೈ ಬಿಗಿಯಾ ನಿಂದು?"

ಗಂಡ ಹೋದ ಮೇಲೆ ಅವರು ಊಟದ ರುಚಿಯ ಮೇಲೆ ಆಡಿದ ಮೊದಲ ದೂರು ಅದು. ಭಾನುವಿಗೆ ಸಿಟ್ಟು ಬಂತು. ಸ್ವರ್ಣಲತಾ ಗೋಡೆಯ ಕಡೆ ತಿರುಗಿ ಅತ್ತಳು. ನೆನೆದ ಅಂಗಿಯಲ್ಲಿದ್ದ ಶಿವಸ್ವಾಮಿ ಅಡುಗೆಮನೆಗೆ ಓಡಿ, ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡು ಬಂದ.